ಕೊಡೆ ಹಿಡಿದ ಎಮ್ಮೆ

ಟೀಚರಮ್ಮನನ್ನು ಯಾವ ಸರ್ಕಾರವೂ ಓಡಿಸಲಿಲ್ಲ. ಊರವರು ಓಡಿಸಿದರು. ಮುಂದೆ ನಿಂತು ಓಡಿಸಿದವನು ನನ್ನ ಮಗ. ಬೇರೆ ಕಥೆ ಹೇಳುವವರು ಹೇಳಿಕೊಳ್ಳಲಿ.

ಮೊನ್ನೆ ಯಲ್ದೂರಿನ ಹತ್ತಿರ ಮಾವಿನ ಶೆಡ್ಡಿನಲ್ಲಿ ಬಾಕ್ಸಿಗೆ ಹಣ್ಣು ತುಂಬುತ್ತಿದ್ದೆ. ತಳಕ್ಕೆ ಹಾಸಲು ಮಂಡಿಯವನು ರದ್ದಿ ಪೇಪರಿನ ಮೂಟೆ ತಂದು ಸುರಿದಿದ್ದ. ಅದರೊಳಗಿಂದ ಬಣ್ಣದ ಹಾಳೆಯೊಂದು ಕೈಗೆ ಬಂತು. ಒಂದು ಎಮ್ಮೆ ಎರಡೇ ಕಾಲ ಮೇಲೆ ನಿಂತು ಕೊಡೆ ಹಿಡಿದಿದೆ. ಹಾಳೆಯ ಮೂಲೆ ಅಗಿದು ಹೋಗಿದೆ. ಸೊನೆಯ ಘಾಟಿನ ನಡುವೆಯೂ ನುಸಿಗುಳಿಗೆಯ ವಾಸನೆ ಮೂಗಿಗೆ ಹೊಡೆಯಿತು… ನಮ್ಮೂರ ಶಾಲೆಯ ಬೀರುವಿನ ವಾಸನೆ.

ಇಪ್ಪತ್ತು ವರ್ಷದ ಹಿಂದೆ ನಾನು ಆ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಿದ್ದೆ. ನನ್ನ ಓದು ಮೂರನೇ ಕ್ಲಾಸಿಗೇ ಮುಗಿದದ್ದು. ಅಕ್ಷರ ಕೂಡಿಸಿ ಓದುತ್ತೇನೆ, ಅಷ್ಟೇ. ಟೀಚರಮ್ಮ ಮಾಲೂರು ಕಡೆಯಿಂದ ಬಂದಳು. ಆಳು ಕಡ್ಡಿ, ದನಿ ಮಾತ್ರ ಜೋರು. ಬಂದ ವಾರದಲ್ಲೇ ಬೀರುವಿನ ಬೀಗ ತೆಗೆಸಿದಳು. ಒಳಗೆ ಮಕ್ಕಳ ಪುಸ್ತಕಗಳು, ಒಂದು ಮಗುವೂ ಮುಟ್ಟದೆ ಹಾಗೇ ಹಳದಿಯಾಗಿದ್ದವು. ಹರಿದರೆ ಯಾರು ಜವಾಬ್ದಾರಿ ಅಂತ ಹೆಡ್ ಮೇಷ್ಟ್ರು ನುಸಿಗುಳಿಗೆ ಹಾಕಿ ಬೀಗ ಜಡಿದಿದ್ದರು. ಆಯಮ್ಮ, ಅದೇ ಟೀಚರಮ್ಮ, ಜಗಲಿಗೆ ಹಗ್ಗ ಕಟ್ಟಿ, ಬಟ್ಟೆ ಒಣಹಾಕುವ ಹಾಗೆ ಪುಸ್ತಕಗಳನ್ನು ನೇತುಹಾಕಿದಳು. ಬೇಕಾದವರು ಕಿತ್ತುಕೊಂಡು ಮನೆಗೂ ಒಯ್ಯಬಹುದು. ಪುಸ್ತಕಗಳು ಮುದ್ದೆ ಅಂಟಿಸಿಕೊಂಡು, ಹಿಪ್ಪುನೇರಳೆ ಸೊಪ್ಪಿನ ಕಲೆ ಹತ್ತಿಸಿಕೊಂಡು ವಾಪಸ್ ಬರುತ್ತಿದ್ದವು. ಎಮ್ಮೆ ಪುಸ್ತಕವನ್ನು ಯಾರದೋ ಮನೆಯ ಕರು ಅಗಿಯಿತು. ಹೆಡ್ ಮೇಷ್ಟ್ರು ಕೂಗಾಡಿದರೆ ಆಯಮ್ಮ ನಕ್ಕಳು.

"ಬಿಡಿ ಸಾರ್, ನಮ್ಮ ಸ್ಕೂಲಲ್ಲಿ ಪುಸ್ತಕ ಅರಗಿಸಿಕೊಂಡಿದ್ದು ಅದೊಂದೇ."

ನನ್ನ ಮಗನ ಮಗಳು ಆಗ ಒಂದನೇ ಕ್ಲಾಸು. ಮನೆಯಲ್ಲಿ ಬಾಯಿ ಮುಚ್ಚದವಳು ಶಾಲೆಯ ಹೊಸಿಲು ದಾಟಿದರೆ ಮೂಗಿ. ಇವಳಿಗೆ ತಲೆಯಿಲ್ಲ ಅಂತ ಎಲ್ಲರೂ ಷರಾ ಬರೆದಿದ್ದರು. ತಲೆ ಇತ್ತು, ಕನ್ನಡ ಇರಲಿಲ್ಲ. ನಮ್ಮ ಮನೆಯಲ್ಲಿ ಆಡುವುದು ತೆಲುಗು, ಊರಿನ ಮುಕ್ಕಾಲು ಮನೆಗಳಲ್ಲೂ ಅದೇ. ಒಂದು ದಿನ ಆಯಮ್ಮ ಅವಳನ್ನು ಪಕ್ಕ ಕೂರಿಸಿಕೊಂಡು, ಎಮ್ಮೆಯ ಚಿತ್ರ ತೋರಿಸಿ, ತನ್ನ ಮುರುಕು ತೆಲುಗಿನಲ್ಲಿ "ಇದೇಮಿ? ಮೇಕನಾ?" ಅಂದಳು. ಇದೇನು, ಮೇಕೆಯಾ ಅಂತ. ಹುಡುಗಿಗೆ ತಡೆಯಲಾಗಲಿಲ್ಲ. "ಮೇಕ ಕಾದು, ಎನುಮು!" ಅಂತ ಕಿರುಚಿದಳು. ಮೇಕೆಯಲ್ಲ, ಎಮ್ಮೆ! ಶಾಲೆಯಲ್ಲಿ ಅವಳ ಬಾಯಿಂದ ಬಂದ ಮೊದಲ ಮಾತು ಅದು… ಸೌಟು ಹಿಡಿದು ಬಾಗಿಲಲ್ಲಿ ನಿಂತು ಕೇಳಿದೆ.

"ಎಮ್ಮೆನ ಮೇಕೆ ಅಂತೀಯಲ್ಲಮ್ಮಾ, ಕಣ್ಣು ಕಾಣಲ್ವಾ?" ಅಂದೆ ಊಟದ ಹೊತ್ತಿಗೆ.

"ನಾನು ಸರಿಯಾಗಿ ಹೇಳಿಬಿಟ್ರೆ ಅವಳ್ಯಾಕೆ ಬಾಯಿ ಬಿಡ್ತಾಳೆ ಅಜ್ಜಿ? ಮೊದಲು ಮಾತು ಬರಲಿ. ಕನ್ನಡ ಅದರ ಹಿಂದೇನೇ ಬರುತ್ತೆ."

ಬಂತು ಕೂಡ. ದಸರಾ ರಜೆಯ ಹೊತ್ತಿಗೆ ಹುಡುಗಿ ಚಿತ್ರದ ಕೆಳಗಿನ ಸಾಲಿಗೆ ಬೆರಳಿಟ್ಟು ಕನ್ನಡ ಓದುತ್ತಿದ್ದಳು. ನಾನು ತಪ್ಪಿದರೆ ತಿದ್ದುತ್ತಿದ್ದಳು.

ಊರಿಗೆ ಹಿಡಿಸಲಿಲ್ಲ. ಕನ್ನಡ ಶಾಲೆಯಲ್ಲಿ ತೆಲುಗು ಆಡುತ್ತಾಳೆ ಅಂತ ಗುಲ್ಲೆದ್ದಿತು. ಶಾಲೆಯ ಅಂಗಳದಲ್ಲಿ ಸಭೆ ಸೇರಿದರು. ಕೋಲಾರದ ಯಾವುದೋ ಆಫೀಸಿನಲ್ಲಿ ನನ್ನ ಮಗನ ಕನ್ನಡ ಕೇಳಿ ಅಲ್ಲಿದ್ದವರು ಆಡಿಕೊಂಡು ನಕ್ಕಿದ್ದರಂತೆ. ಆ ಉರಿ ಹೊಟ್ಟೆಯಲ್ಲಿಟ್ಟುಕೊಂಡೇ ಬಂದಿದ್ದ. "ಮನೇಲಿ ಆಡೋದನ್ನೇ ಆಡೋಕೆ ಇಸ್ಕೂಲ್ ಯಾಕೆ? ನನ್ನ ಮಗಳನ್ನ ನೋಡಿನೂ ಜನ ನಗಬೇಕಾ?" ಅಂತ ಕುಣಿದ. ಕುಣಿದದ್ದೂ ತೆಲುಗಿನಲ್ಲೇ.

"ಲೇ, ನೀನು ಆಯಮ್ಮನ್ನ ಬೈತಿರೋದು ಯಾವ ಭಾಷೆಲೋ?" ಅಂದೆ.

ಒಂದಿಬ್ಬರು ನಕ್ಕರು. "ಅನ್ನ ಸೀದೋಗುತ್ತೆ, ಹೋಗಮ್ಮಾ ನೋಡ್ಕೋ" ಅಂದ ಮಗ. ಅದಕ್ಕೆ ಎಲ್ಲರೂ ನಕ್ಕರು. ಆಯಮ್ಮ ಒಂದು ಮೂಲೆಯಲ್ಲಿ ಕುರ್ಚಿ ಹಿಡಿದು ನಿಂತಿದ್ದಳು, ಕೂತುಕೋ ಅಂತ ಯಾರೂ ಅನ್ನಲಿಲ್ಲ.

ದೂರು ಮೇಲಿನವರಿಗೆ ಹೋಯಿತು. ಪರೀಕ್ಷೆಗೆ ಮೊದಲೇ ಆಯಮ್ಮ ಹೊರಟಳು. ಬಸ್ಸು ಹತ್ತುವಾಗ ಅಳಲಿಲ್ಲ, ಯಾರನ್ನೂ ಬೈಯಲೂ ಇಲ್ಲ. "ಹಗ್ಗ ಬಿಚ್ಚೋಕೆ ಬಿಡಬೇಡಿ ಅಜ್ಜಿ" ಅಂದಳು, ಅಷ್ಟೇ. ಅಡುಗೆಯವಳ ಮಾತು ಯಾರು ಕೇಳುತ್ತಾರೆ? ಅವತ್ತು ಸಂಜೆಯೇ ಬಿಚ್ಚಿದರು. ಪುಸ್ತಕಗಳು ಬೀರುವಿಗೆ ಹೋದವು. ಅದೇ ಹಗ್ಗದಲ್ಲಿ ಸೌದೆ ಹೊರೆ ಕಟ್ಟಿ ತಂದು ನನ್ನ ಒಲೆಯ ಮುಂದೆ ಹಾಕಿದರು.

ಮೊಮ್ಮಗಳು ಮತ್ತೆ ಮೂಗಿಯಾದಳು. ಏಳನೇ ಕ್ಲಾಸಿಗೆ ಓದು ಸಾಕು ಅಂದಳು, ಬಿಡಬೇಡ ಅಂತ ಯಾರೂ ಅನ್ನಲಿಲ್ಲ. ಟೀಚರಮ್ಮ ತೀರಿಕೊಂಡಳು ಅಂತ ಶ್ರೀನಿವಾಸಪುರದ ಬಸ್ಸಿನಲ್ಲಿ ಯಾರೋ ಹೇಳಿದರು. ಯಾವೂರಲ್ಲಿ, ಏನಾಗಿ… ಕೇಳುವಷ್ಟರಲ್ಲಿ ಅವರ ಸ್ಟಾಪು ಬಂತು.

ಈಗ ಶಾಲೆಯವರು ಬೀರು ಖಾಲಿ ಮಾಡಿ ರದ್ದಿಗೆ ಹಾಕಿರಬೇಕು. ಮೊಮ್ಮಗಳು ಅದೇ ಶೆಡ್ಡಿನಲ್ಲಿ ನನ್ನ ಪಕ್ಕ ಕೂತು ಹಣ್ಣು ಆರಿಸುತ್ತಾಳೆ. ಹಾಳೆಯನ್ನು ಅವಳ ಮುಂದೆ ಹಿಡಿದೆ. ಸೊನೆ ಹತ್ತಿದ ಕೈಯನ್ನು ಸೀರೆಗೆ ಒರೆಸಿಕೊಂಡು ನೋಡಿದಳು, ಸುಮಾರು ಹೊತ್ತು ನೋಡಿದಳು.

"ಎನುಮು" ಅಂದಳು.

ಕೆಳಗಿನ ಸಾಲು ಓದಲು ಹೋಗಲಿಲ್ಲ.

ನಿನ್ನ ಮಗಳಿಗೆ ತೋರಿಸುತ್ತೇನೆ ಅಂದೆ. ಅದಕ್ಕಿನ್ನೂ ಐದು ವರ್ಷ, ಕಾನ್ವೆಂಟಿಗೆ ಹೋಗುತ್ತೆ. "ತೋರ್ಸು. ಆದ್ರೆ ಅವಳ ಹತ್ರ ತೆಲುಗು ಬೇಡಜ್ಜಿ, ಕನ್ನಡನೂ ಬೇಡ. ಮಿಸ್ ಬೈತಾರೆ. ಆಮೇಲೆ ಎಲ್ರೂ ನಗ್ತಾರೆ" ಅಂದಳು. ಮಾತು ಅವಳದು, ದನಿ ಅವಳಪ್ಪನದು. ನಾನು ಹಾಳೆ ಮಡಚಿಟ್ಟುಕೊಂಡೆ.

ಮಾರನೆಯ ಬೆಳಗ್ಗೆ ಅವಳ ಮನೆ ಮುಂದೆ ಮಗು ಟೈ, ಬೂಟು ಹಾಕಿಕೊಂಡು ವ್ಯಾನಿಗೆ ಕಾಯುತ್ತಿತ್ತು. ಹಾಳೆ ಬಿಡಿಸಿ ಅದರ ಮುಂದೆ ಹಿಡಿದೆ. "ಇದೇಮಿ? ಮೇಕನಾ?" ಅಂದೆ. ಮಗು ಚಿತ್ರ ನೋಡಿತು. ತುಟಿ ಅಲುಗಿತು. ಬಾಗಿಲಲ್ಲಿ ನಿಂತಿದ್ದ ಅಮ್ಮನ ಮುಖ ನೋಡಿ ಬಾಯಿ ಮುಚ್ಚಿಕೊಂಡಿತು.

ಹಾಳೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಶೆಡ್ಡಿಗೆ ನಡೆದೆ.