ಅಂಬತ್ತಿಯ ಕರಿ ಎಣ್ಣೆ

ಹೋದ ವಾರ ಸ್ಕೂಟರಿನ ಆಯಿಲ್ ಬದಲಿಸಲೆಂದು ಯೆರವಡಾದ ಒಂದು ಗ್ಯಾರೇಜಿಗೆ ಹೋಗಿದ್ದೆ. ಮೆಕ್ಯಾನಿಕ್ ಗಾಡಿಯ ಕೆಳಗೆ ತಗಡಿನ ಬೋಗುಣಿ ಇಟ್ಟು ನಟ್ಟು ಸಡಿಲಿಸಿದ. ಕರಿ ಎಣ್ಣೆ ಬಿಸಿಬಿಸಿಯಾಗಿ, ಸದ್ದಿಲ್ಲದೆ, ದಾರ ಇಳಿಬಿಟ್ಟ ಹಾಗೆ ಕೆಳಗಿಳಿಯಿತು. ಪಕ್ಕದಲ್ಲಿ ನಿಂತಿದ್ದ ಹುಡುಗಿ ಓಢಣಿಯಿಂದ ಮೂಗು ಮುಚ್ಚಿಕೊಂಡಳು. ನನಗೆ ಹಸಿವಾಯಿತು. ನಗಬೇಡ್ರಿ, ಖರೇನೇ ಹಸಿವಾಯಿತು. ನಾನು ನಮ್ಮತ್ತೆ ಅಂಬತ್ತಿ ಬಡಿದ ರೊಟ್ಟಿ ತಿಂದು ಬೆಳೆದವಳು. ಎಷ್ಟು ಸಾಬೂನು ಹಚ್ಚಿ ತಿಕ್ಕಿದರೂ ಅವಳ ಕೈಯಲ್ಲಿ ಈ ವಾಸನೆಯ ಒಂದು ಎಳೆ ಉಳಿದೇ ಇರುತ್ತಿತ್ತು. ಜೋಳದ ಹಿಟ್ಟು, ಬಿಸಿ ಹಂಚು, ಅದರ ಹಿಂದೆ ತೆಳ್ಳಗೆ ಸುಟ್ಟ ಆಯಿಲ್. ರೊಟ್ಟಿ ಅಂದರೆ ಹೀಗೇ ಇರುತ್ತದೆ ಅಂತಲೇ ನಾನು ಬಹಳ ದಿನ ತಿಳಿದಿದ್ದೆ. ನಿಮಗೂ ಇಂಥದೊಂದು ವಾಸನೆ ಇದ್ದೀತು. ಅದು ಎಲ್ಲಿಂದಲೋ ಬಂದು ಮೂಗಿಗೆ ತಾಗಿದಾಗ, ಈಗ ಇಲ್ಲದ ಒಂದು ಮನೆಯ ಬಾಗಿಲು ತಾನಾಗಿಯೇ ತೆರೆದುಕೊಳ್ಳುತ್ತದೆ.

ಆ ಮನೆ ಧನಕವಡಿಯಲ್ಲಿತ್ತು. ಮುಂದೆ ಎರಡು ಖೋಲಿ, ಹಿಂದೆ ಅಂಗಳ, ಅಂಗಳದ ತುದಿಗೆ ತಗಡಿನ ಪತ್ರಾ ಹೊದಿಸಿದ ಒಂದು ಶೆಡ್. ಬಾಗಲಕೋಟೆ ಕಡೆಯಿಂದ ಪುಣೆಗೆ ಬಂದ ಅಪ್ಪ ಮೊದಲು ಇನ್ನೊಬ್ಬರ ಕಾರ್ಖಾನೆಯಲ್ಲಿ ಹಿತ್ತಾಳೆ ಎರಕ ಹೊಯ್ಯುತ್ತಿದ್ದ. ಆಮೇಲೆ ತನ್ನದೇ ಭಟ್ಟಿ ಹಾಕಿಕೊಂಡ. ನಳದ ಮೈ, ಪಂಪಿನ ಬುಶ್, ಹಬ್ಬ ಬಂತೆಂದರೆ ಗಂಟೆಗಳು. ಭಟ್ಟಿ ಅಂದರೆ ದೊಡ್ಡದೇನಲ್ಲ, ನೆಲದಲ್ಲಿ ಬೆಂಕಿ ಇಟ್ಟಿಗೆ ಕಟ್ಟಿದ ಒಂದು ದುಂಡನೆಯ ಕುಣಿ, ನಡುವೆ ಹಿತ್ತಾಳೆ ಕರಗಿಸುವ ಮೂಸೆ. ಪಕ್ಕದ ಗೋಡೆಯ ಮೇಲೆ, ಆಳೆತ್ತರದ ಕಟ್ಟೆಯಲ್ಲಿ, ಎಣ್ಣೆಯ ಟಾಕಿ. ಟಾಕಿಯಿಂದ ಒಂದು ಕೊಳವೆ ಇಳಿದು ಭಟ್ಟಿಯ ಪಕ್ಕೆಗೆ ಸೇರುತ್ತಿತ್ತು, ನಡುವೆ ಒಂದು ನಳ. ಮೊದಲು ಇದ್ದಿಲು ಕೆಂಪಾಗಬೇಕು, ಆಮೇಲೆ ಗಾಳಿಯ ಬ್ಲೋವರ್ ಹಾಕಬೇಕು, ಆಮೇಲೆ ಹನಿಹನಿಯಾಗಿ ಎಣ್ಣೆ ಬಿಡಬೇಕು. ಎಣ್ಣೆ ಸರಿಯಾಗಿ ಹೋಗುತ್ತಿದ್ದರೆ ಇಡೀ ಅಂಗಳ ಒಂದೇ ದನಿಯಲ್ಲಿ ಗುಂಯ್ ಅನ್ನುತ್ತಿತ್ತು, ಊಟದ ತಾಟಿನೊಳಗಿನ ಸಾರು ಕೂಡ ಸಣ್ಣಗೆ ನಡುಗುತ್ತಿತ್ತು. ಹೆಚ್ಚಾದರೆ ಕರಿ ಹೊಗೆ ಎದ್ದು ಓಣಿಯವರೆಲ್ಲ ಒಣಗಿಸಿದ ಬಟ್ಟೆ ಎತ್ತಿಕೊಂಡು ಓಡುತ್ತಿದ್ದರು.

ಈ ಎಣ್ಣೆಯ ಕಾರಭಾರ ಪೂರ್ತಿ ಅಂಬತ್ತಿಯದು. ಅವಳು ಅಪ್ಪನ ತಂಗಿ. ಪುಣೆ ಹತ್ತಿರದ ಶಿರೂರಿನಲ್ಲಿ ಕೊಟ್ಟಿದ್ದರು, ಗಂಡ ತೀರಿಕೊಂಡ ಮೇಲೆ, ಮಕ್ಕಳೂ ಇಲ್ಲದ್ದರಿಂದ, ಒಂದು ಟ್ರಂಕ್ ಹಿಡಿದುಕೊಂಡು ಅಣ್ಣನ ಮನೆಗೆ ಬಂದಳು. ಬಂದ ಮರುದಿನವೇ ಕೆಲಸ ಹುಡುಕಿದಳಂತೆ. ಅಡುಗೆಮನೆ ಅವ್ವನದು, ಅಲ್ಲಿ ತಾನಾಗಿ ಕೈ ಹಾಕುವುದು ಅವಳಿಗೆ ಸರಿ ಕಾಣಲಿಲ್ಲ. ರೊಟ್ಟಿಯೂ ಅವ್ವ ಬಡೀರಿ ಅಂದ ಮೇಲೆಯೇ ಬಡಿದದ್ದು. ಎಣ್ಣೆ ತರಲು ಮಾತ್ರ ಯಾರೂ ಇರಲಿಲ್ಲ, ಅದನ್ನು ತಾನೇ ಎತ್ತಿಕೊಂಡಳು. ಬೆಳಿಗ್ಗೆ ಕ್ಯಾನು ಹಿಡಿದು ಕಾತ್ರಜ್ ದಾರಿಯ ಗ್ಯಾರೇಜುಗಳನ್ನು ಸುತ್ತಿ ಲಾರಿಗಳ ಹಳೆ ಎಣ್ಣೆ ತರುವುದು. ಗ್ಯಾರೇಜಿನವರು ಅವಳನ್ನು ತೇಲ್‌ವಾಲಿ ಮಾವ್ಶಿ, ಅಂದರೆ ಎಣ್ಣೆ ಚಿಕ್ಕಮ್ಮ, ಅನ್ನುತ್ತಿದ್ದರು, ಅವಳಿಗಾಗಿ ಬೋಗುಣಿ ತುಂಬಿಸಿ ಇಡುತ್ತಿದ್ದರು. ಅವಳ ಮರಾಠಿ ಶಿರೂರಿನದು, ಯಾರ ಮುಂದೂ ತಡವರಿಸುತ್ತಿರಲಿಲ್ಲ. ತಂದ ಎಣ್ಣೆಯನ್ನು ಹಳೇ ಇಳಕಲ್ ಸೀರೆಯ ತುಂಡಿನಲ್ಲಿ ಸೋಸಿ ಪೀಪಾಯಿಯಲ್ಲಿ ತುಂಬಿ ಬಿಸಿಲಿಗೆ ಇಡುವಳು. ಬಿಸಿಲಿಗೆ ಎಣ್ಣೆ ಸಡಿಲಾಗಿ ಒಳಗಿನ ನೀರು ತಳ ಸೇರುತ್ತದೆ. ಆಮೇಲೆ ಮೇಲಿನ ಎಣ್ಣೆ ಟಾಕಿಗೆ. ಟಾಕಿಗೆ ಹೊಸ ಎಣ್ಣೆ ಹಾಕಿದ ಮರುದಿನ ಮತ್ತೊಮ್ಮೆ ತಳದಲ್ಲಿದ್ದ ಇನ್ನೊಂದು ನಳ ತಿರುವಿ, ಉಳಿದಿದ್ದರೆ ಆ ನೀರನ್ನೂ ಬಿಟ್ಟುಬಿಡುವಳು. ಎಣ್ಣೆಯಲ್ಲಿ ನೀರು ಇರಬಾರದು, ಅದೊಂದೇ ಶಾಸ್ತ್ರ. ಅಪ್ಪ ಮೂಸೆಯ ಹತ್ತಿರ, ಅವಳು ನಳದ ಹತ್ತಿರ. ಆ ನಳ ಅವಳ ಕೈಯಲ್ಲಿ ಇರುವ ತನಕ ಅವಳು ಈ ಮನೆಗೆ ಬಂದು ಬಿದ್ದವಳಲ್ಲ, ಈ ಮನೆ ನಡೆಸುವವರಲ್ಲಿ ಒಬ್ಬಳು. ಇದನ್ನು ಯಾರೂ ಬಾಯಿ ಬಿಟ್ಟು ಹೇಳಲಿಲ್ಲ, ಆದರೆ ಆಕೆ ಸೆರಗು ಸಿಕ್ಕಿಸಿ ಆ ಕಟ್ಟೆ ಹತ್ತುವ ಠೀವಿ ನೋಡಿದರೆ ಸಣ್ಣವಳಾದ ನನಗೂ ತಿಳಿಯುತ್ತಿತ್ತು.

ನವರಾತ್ರಿಯಲ್ಲಿ ಖಂಡೇಪೂಜೆ ಬಂತೆಂದರೆ ಭಟ್ಟಿಗೆ ರಜೆ. ಶೆಡ್ಡು ತೊಳೆದು, ಬ್ಲೋವರಿಗೆ, ಇಕ್ಕಳಕ್ಕೆ, ಮೂಸೆಗೆ, ಮರಳಿನ ಅಚ್ಚಿನ ಪೆಟ್ಟಿಗೆಗೆ ಎಲ್ಲಕ್ಕೂ ಅರಿಶಿನ ಕುಂಕುಮ, ಚೆಂಡುಹೂವು. ಪೂಜೆ ಅವ್ವನದು. ಗಂಡ ಸತ್ತವಳೆಂದು ಅಂಬತ್ತಿ ಆ ಹೊತ್ತಿಗೆ ತಾನಾಗಿಯೇ ಹಿಂದೆ ಸರಿದು ಅಡುಗೆಮನೆಯಲ್ಲಿ ಹೋಳಿಗೆ ಬೇಯಿಸುತ್ತಿದ್ದಳು. ಹೋಗು ಅಂತ ಅವಳಿಗೆ ಯಾರೂ ಅನ್ನುತ್ತಿರಲಿಲ್ಲ, ಬಾ ಅಂತಲೂ ಅನ್ನುತ್ತಿರಲಿಲ್ಲ. ವರ್ಷವಿಡೀ ಆಕೆ ಒರೆಸಿ ತಿಕ್ಕಿದ ಟಾಕಿಗೆ ಆಕೆಯಿಲ್ಲದೆ ಆರತಿ ಆಗುತ್ತಿತ್ತು. ಆಗ ಅದು ನಮಗೆ ಯಾರಿಗೂ ವಿಚಿತ್ರ ಅನಿಸಿರಲಿಲ್ಲ.

ಆ ವರ್ಷ ಅವ್ವನ ಭಕ್ತಿ ಒಂದು ಹೆಜ್ಜೆ ಮುಂದೆ ಹೋಯಿತು. ಎಲ್ಲರೂ ತೀರ್ಥ ತೆಗೆದುಕೊಂಡ ಮೇಲೆ ತಂಬಿಗೆಯಲ್ಲಿ ಇನ್ನೂ ಉಳಿದಿತ್ತು. ಅಪ್ಪ ಕಾಯಿ ಒಡೆದು ಮುಂದಿನ ಖೋಲಿಗೆ ಹೋಗಿದ್ದ, ನಾನು ಅವನ ಹಿಂದೆಯೇ ಪ್ರಸಾದಕ್ಕೆ ಓಡಿದ್ದೆ. ಮನೆಯ ಅನ್ನ ಬರುವುದೇ ಈ ಟಾಕಿಯಿಂದ, ಎಲ್ಲರ ಬಾಯಿಗೂ ತೀರ್ಥ ಬಿದ್ದಿದೆ, ಇದರ ಬಾಯಿಗೂ ಬೀಳಲಿ ಅಂತ ಅವ್ವ ಸ್ಟೂಲು ಹತ್ತಿ, ಮುಚ್ಚಳ ತೆಗೆದು, ತಂಬಿಗೆ ಪೂರ್ತಿ ಟಾಕಿಯೊಳಗೆ ಬಗ್ಗಿಸಿ ಕೈ ಮುಗಿದು ಇಳಿದಳು. ಅಷ್ಟು ವರ್ಷ ಭಟ್ಟಿಯ ಪಕ್ಕದಲ್ಲೇ ಸಂಸಾರ ಮಾಡಿದವಳಿಗೆ ನೀರು ಅನ್ನುವುದು ಹೊಳೆಯಲೇ ಇಲ್ಲ. ಅವಳ ಲೆಕ್ಕಕ್ಕೆ ಅದು ನೀರಲ್ಲ, ತೀರ್ಥ.

ಬನ್ನಿ ಹಂಚಿ ಹಬ್ಬ ಮುಗಿಸಿ ಮತ್ತೆ ಭಟ್ಟಿ ಹಚ್ಚಿದರು. ಹಬ್ಬಕ್ಕೆ ಮೊದಲೇ ಅಂಬತ್ತಿ ಟಾಕಿ ತುಂಬಿಸಿ ತಳದ ನೀರು ಬಿಟ್ಟಿದ್ದಳು, ಆಮೇಲೆ ಹೊಸ ಎಣ್ಣೆ ಬಿದ್ದಿರಲಿಲ್ಲ, ಹಾಗಾಗಿ ಮತ್ತೆ ಬಿಡುವ ಕಾರಣವೂ ಇರಲಿಲ್ಲ. ಮೊದಲು ಕೊಳವೆಯಲ್ಲಿದ್ದ ಎಣ್ಣೆ ಚೆನ್ನಾಗಿಯೇ ಉರಿಯಿತು. ಅದು ತೀರುತ್ತಲೇ ನೀರು ಬಂತು. ಗುಂಯ್ ಅನ್ನುವ ದನಿ ನಿಂತಿತು, ಭಟ್ಟಿ ಒಮ್ಮೆ ಕೆಮ್ಮಿತು. ಏನಾಯಿತೆಂದು ಅಪ್ಪ ಬಗ್ಗಿ ನೋಡಿದ. ಅಷ್ಟರಲ್ಲಿ ನೀರಿನ ಹಿಂದಿನ ಎಣ್ಣೆ ಕಾದ ಇಟ್ಟಿಗೆಗೆ ಬಿದ್ದು ಧಡ್ ಅಂತ ಹೊತ್ತಿಕೊಂಡು ಬೆಂಕಿ ಹೊರಗೆ ಚಿಮ್ಮಿತು. ಅಂಬತ್ತಿ ನಳ ಬಿಗಿದಳು, ಇಲ್ಲದಿದ್ದರೆ ಶೆಡ್ಡೇ ಹೋಗುತ್ತಿತ್ತು. ಅಪ್ಪನ ಬಲಗೈ ಮೊಣಕೈಯವರೆಗೆ ಸುಟ್ಟಿತು. ಮೂಸೆ ಒಡೆದು ಕರಗಿದ ಹಿತ್ತಾಳೆ ಕುಣಿಯ ತಳದಲ್ಲಿ ಹೆಪ್ಪುಗಟ್ಟಿತು. ನನಗೆ ನೆನಪಿರುವುದು ಅವ್ವನ ಚೀರಾಟ ಮತ್ತು ಅದಾದ ಮೇಲಿನ ಮೌನ. ಅಂಗಳ ಅಷ್ಟು ಸುಮ್ಮನಿದ್ದದ್ದನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ.

ಸಂಜೆ ಕೈಗೆ ಪಟ್ಟಿ ಸುತ್ತಿಸಿಕೊಂಡು ಬಂದ ಅಪ್ಪ ಅಂಗಳದ ಹೊರಸಿನ ಮೇಲೆ ಕೂತು ಟಾಕಿಯಲ್ಲಿ ನೀರು ಇತ್ತು ಅಂದ. ಸಿಟ್ಟಿನಿಂದ ಅಲ್ಲ, ಮಳೆ ಬಂತು ಅಂದ ಹಾಗೆ ಅಂದ. ಅವ್ವ ಬಾಗಿಲಲ್ಲಿ ನಿಂತಿದ್ದಳು. ಅಪ್ಪ ತಂಗಿಯ ಕಡೆ ತಿರುಗಿ ಕೇಳಿದ, "ಅಂಬೂ, ನೀರು ಬಿಟ್ಟಿದ್ದಿಲ್ಲೇನು?"

"ಮರ್ತೆ ಅಣ್ಣಾ," ಅಂದಳು ಅಂಬತ್ತಿ.

ಅಷ್ಟೇ. ಅಪ್ಪ ಮುಂದೆ ಕೇಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತೋ ಏನೋ. ಕೈ ಮಾಗುವ ಹೊತ್ತಿಗೆ ಅವನು ಮನಸ್ಸಿನಲ್ಲಿ ನಿರ್ಧಾರ ಮಾಡಿದ್ದ. ಓಣಿಯವರೂ ಹೊಗೆಯ ಬಗ್ಗೆ ತಕರಾರು ಮಾಡುತ್ತಲೇ ಇದ್ದರು, ಅದೂ ಒಂದು ನೆಪವಾಯಿತು. ಭಟ್ಟಿಗೆ ಗ್ಯಾಸ್ ಬಂತು. ಸಿಲಿಂಡರ್ ಮನೆ ಬಾಗಿಲಿಗೆ ಬರುತ್ತದೆ, ಸೋಸುವುದಿಲ್ಲ, ಬಿಸಿಲಿಗಿಡುವುದಿಲ್ಲ, ಕಾಯುವುದಿಲ್ಲ. ಟಾಕಿಯನ್ನು ಇಳಿಸಿ ಗುಜರಿ ಆಯುವ ಭಂಗಾರದವನಿಗೆ ಕೊಟ್ಟರು. ಅಂಬತ್ತಿ ಅದನ್ನು ಕೊಡುವ ಮೊದಲು ಒಳಗೂ ಹೊರಗೂ ಒರೆಸಿ ಕೊಟ್ಟಳು. ಭಂಗಾರಕ್ಕೆ ಹೋಗುವುದನ್ನು ಯಾಕೆ ಒರೆಸುತ್ತೀ ಅಂದರೆ ಕೈ ಸುಮ್ಮನಿರುವುದಿಲ್ಲ ಅಂದಳು.

ಆಮೇಲೆ ಅವಳ ಕೈ ಸುಮ್ಮನಾಯಿತು. ಬೆಳಿಗ್ಗೆ ಅದೇ ಹೊತ್ತಿಗೆ ಏಳುವಳು, ಕ್ಯಾನು ಇಡುತ್ತಿದ್ದ ಮೂಲೆಯ ತನಕ ಹೋಗಿ ತಿರುಗಿ ಬರುವಳು. ಊಟ ಕಡಿಮೆಯಾಯಿತು. ಒಂದು ರೊಟ್ಟಿ ತಿಂದು ಸಾಕು ಅಂದುಬಿಡುವಳು. ಅವ್ವ ಬಡಿಸಲು ಹೋದರೆ ತಾಟಿನ ಮೇಲೆ ಕೈ ಅಡ್ಡ ಹಿಡಿಯುವಳು. ಚಳಿ ಕಳೆಯುವ ಹೊತ್ತಿಗೆ ಶಿರೂರಿಗೆ ಹೋಗಿ ಮೈದುನನ ಮನೆಯಲ್ಲಿ ಇರುತ್ತೇನೆ ಅಂದಳು. ಮೈದುನ ಕರೆದಿರಲಿಲ್ಲ, ಅದು ಎಲ್ಲರಿಗೂ ಗೊತ್ತಿತ್ತು. ಅಪ್ಪ, ಇಲ್ಲೇನು ಕಡಿಮೆಯಾಗಿದೆ ಅಂತ ಕೇಳಿದ. ಏನೂ ಕಡಿಮೆ ಇಲ್ಲ ಅಣ್ಣಾ ಅಂದಳು. ಒಂದು ಮಧ್ಯಾಹ್ನ ಅದೇ ಟ್ರಂಕ್ ಎಳೆದು ನಡುಮನೆಯಲ್ಲಿ ಕೂತು ಸೀರೆ ಮಡಿಸತೊಡಗಿದಳು.

ಅವ್ವ ಅಡುಗೆಮನೆಯಿಂದ ಬಂದು ಟ್ರಂಕಿನ ಮುಂದೆ ಕುಕ್ಕರಿಸಿ ಕೂತಳು. ಅಪ್ಪ ಅಲ್ಲೇ ಊಟಕ್ಕೆ ಕೂತಿದ್ದ, ನಾನು ಅವನ ಪಕ್ಕ. ಅವ್ವ ಮಡಿಸಿಟ್ಟ ಸೀರೆ ಒಂದನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡು, ತೀರ್ಥ ಹಾಕಿದವಳು ತಾನು, ಅಷ್ಟು ದಿನ ಹೇಳುವ ಧೈರ್ಯ ಬರಲಿಲ್ಲ ಅಂತ ನೆಲ ನೋಡುತ್ತ ಎಲ್ಲವನ್ನೂ ಹೇಳಿದಳು. ಅಪ್ಪ ಕಲಸಿದ ತುತ್ತು ತಾಟಿನಲ್ಲೇ ಬಿಟ್ಟ. ಅಂಬತ್ತಿ ಮಾತ್ರ ಮಡಿಸುವುದನ್ನು ನಿಲ್ಲಿಸಲಿಲ್ಲ.

"ನನಗ ಗೊತ್ತದರಿ ವೈನಿ," ಅಂತ ಅತ್ತಿಗೆಗೆ ಅಂದಳು. "ಅವತ್ತ ಅಣ್ಣ ಪಟ್ಟಿ ಕಟ್ಟಿಸ್ಕೊಂಡು ಬರೂಕಿಂತ ಮೊದಲ ಟಾಕಿ ಬಸಿಯಾಕ ಹೋದಾಗ ತಳದ ನಳದಾಗ ತುಳಸಿ ಎಲಿ ಸಿಕ್ಕೊಂಡಿತ್ತು. ನೀರೂ ಅರಿಶಿಣ ಬಣ್ಣದ್ದಿತ್ತು."

"ಮತ್ತ ಮರ್ತೆ ಅಂತ ಯಾಕ ಅಂದ್ರಿ ಅಂಬಕ್ಕ? ನನ್ನ ಹೆಸರ ಹೇಳಬೇಕಿತ್ತಿಲ್ಲೋ?"

"ಇದು ನಿಮ್ಮ ಮನಿ. ನಿಮ್ಮ ಹೆಸರ ಹೇಳಿ ನಾ ಇಲ್ಲಿ ಹೆಂಗ ಇರ್ಲಿರಿ?"

ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಆ ಮಾತು ಕೇಳಿದಾಗ ನನಗೆ ಅದರ ಅರ್ಥ ಪೂರ್ತಿ ಆಗಲಿಲ್ಲ, ದೊಡ್ಡವಳಾದ ಮೇಲೆ ಆಯಿತು. ಇಲ್ಲಿ ಇರಬೇಕೆಂದು ಆಕೆ ಸುಮ್ಮನಿದ್ದಳು. ಸುಮ್ಮನಿದ್ದುದಕ್ಕೇ ಅವಳಿಗೆ ಇಲ್ಲಿ ಇರಲು ಆಧಾರ ಇಲ್ಲದಂತಾಯಿತು. ಅಪ್ಪ ಕೈ ತೊಳೆದು ಬಂದು ಟ್ರಂಕನ್ನು ಎತ್ತಿ ಮತ್ತೆ ಅಟ್ಟದ ಮೇಲೆ ಇಟ್ಟ. ಎಣ್ಣೆಯ ಮಾತು ಮಾತ್ರ ಅವನು ಎತ್ತಲಿಲ್ಲ. ಗ್ಯಾಸು ಬಂದಾಗಿತ್ತು, ಟಾಕಿ ಹೋಗಿಯಾಗಿತ್ತು, ಗ್ಯಾರೇಜಿನವರು ಎಣ್ಣೆಯನ್ನು ಬೇರೆಯವರಿಗೆ ಕೊಡುತ್ತಿದ್ದರು.

ಅಂಬತ್ತಿ ಉಳಿದಳು. ಅವ್ವ ಅವಳಿಗಾಗಿ ಕೆಲಸ ಹುಟ್ಟಿಸಲು ಕಲಿತಳು. ಬೇಕಂತಲೇ ಅಕ್ಕಿ ಆರಿಸದೆ ಬಿಡುವಳು, ಮೆಂತ್ಯದ ಸಿವುಡು ಬಿಚ್ಚದೆ ಮೊರದಲ್ಲಿ ಇಡುವಳು, ಕೌದಿಯ ಹೊಲಿಗೆಯನ್ನು ಅರ್ಧಕ್ಕೆ ನಿಲ್ಲಿಸಿ ಬೆನ್ನು ನೋವು ಅನ್ನುವಳು. ಅಂಬತ್ತಿಗೆ ಅದೆಲ್ಲ ತಿಳಿಯುತ್ತಿತ್ತು. ತಿಳಿದೂ ಮೊರ ಎಳೆದುಕೊಂಡು ಕೂರುತ್ತಿದ್ದಳು. ಮುಂದಿನ ಖಂಡೇಪೂಜೆಗೆ ಅವ್ವ ಅವಳ ಕೈ ಹಿಡಿದು ಶೆಡ್ಡಿಗೆ ಕರೆದೊಯ್ದು ಆರತಿ ತಾಟು ಮುಟ್ಟಿಸಿದಳು. ಅಂಬತ್ತಿ ಮುಟ್ಟಿ, ಗ್ಯಾಸಿನ ಸಿಲಿಂಡರ್ ಕಡೆ ಒಮ್ಮೆ ನೋಡಿ, ಹೋಳಿಗೆ ಸೀದೀತು ಅಂತ ಒಳಗೆ ಹೋದಳು.

ಈಗ ಅಲ್ಲಿ ಏನೂ ಇಲ್ಲ. ಧನಕವಡಿಯ ಆ ಜಾಗದಲ್ಲಿ ಏಳಂತಸ್ತಿನ ಕಟ್ಟಡ ನಿಂತಿದೆ, ಶೆಡ್ಡಿದ್ದಲ್ಲಿ ಕಾರು ನಿಲ್ಲಿಸುತ್ತಾರೆ. ಅಪ್ಪ ಭಟ್ಟಿ ಮುಚ್ಚಿದ ಕೆಲವು ವರ್ಷಕ್ಕೆ ಹೋದ. ಅವ್ವನೂ ಹೋದಳು. ಆದರೆ ಮೊದಲು ಹೋದವಳು ಅಂಬತ್ತಿ, ಅದೂ ಆ ಹಳೇ ಮನೆಯಲ್ಲೇ. ಜ್ವರ ಎದೆಗೆ ಇಳಿದು ಕೊನೆಯ ವಾರ ಹಾಸಿಗೆ ಹಿಡಿದಿದ್ದಳು. ಕಾಲೇಜಿನ ರಜೆಯಿತ್ತು, ನಾನು ಪಕ್ಕದಲ್ಲೇ ಕೂತಿದ್ದೆ. ಒಂದು ಮಧ್ಯಾಹ್ನ ಎಚ್ಚರಾಗಿ, ಇವತ್ತು ತಾನು ಏನೂ ಕೆಲಸ ಮಾಡಲಿಲ್ಲ ಅಂತ ಏಳಲು ಹವಣಿಸಿದಳು. ಅವ್ವ ಅವಳ ಭುಜ ಹಿಡಿದು ಮತ್ತೆ ಮಲಗಿಸಿ, ಇನ್ನು ನೀವು ಏನೂ ಮಾಡುವುದು ಬೇಡ, ಸುಮ್ಮನೆ ಇರ್ರಿ, ಇದು ನಿಮ್ಮ ಮನಿ ಅಂದಳು. ಅಷ್ಟು ವರ್ಷಗಳಲ್ಲಿ ಒಮ್ಮೆಯೂ ಬಾಯಿ ಬಿಟ್ಟು ಏನನ್ನೂ ಕೇಳದ ಅಂಬತ್ತಿ ಅವತ್ತು ಕೇಳಿದಳು.

"ಹಂಗಾರ ಒಂದೀಟ ಚಾ ಮಾಡ್ರಿ ವೈನಿ. ಸಕ್ರಿ ಜಾಸ್ತಿ ಹಾಕ್ರಿ, ನನಗ ಸಿಹಿ ಚಾ ಸೇರತದ."

ಅವ್ವ ಅಡುಗೆಮನೆಗೆ ಹೋದಳು. ಅಂಬತ್ತಿಗೆ ಸಿಹಿ ಚಹಾ ಇಷ್ಟ ಅನ್ನುವುದು ನಮಗೆ ಯಾರಿಗೂ ಗೊತ್ತಿರಲಿಲ್ಲ.