ಲಿಥಿಯಂ ಸೆಲ್ಲೂ ಅಪ್ಪನ ಕಾವಲೂ

ನಲವತ್ತು ದಾಟಿದ ಹೆಂಗಸರು ಚೀಟಿ ಹಾಕುತ್ತಾರೆ, ಸಂಘ ಕಟ್ಟುತ್ತಾರೆ, ಮೊಣಕಾಲು ನೋವಿಗೆ ಎಣ್ಣೆ ಹುಡುಕುತ್ತಾರೆ. ನಾನು ಆಟದ ಕಾರು ಓಡಿಸುತ್ತೇನೆ. ಚನ್ನಪಟ್ಟಣದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಹೇಳುವವಳಾದ್ದರಿಂದ ಇದಕ್ಕೆ ‘ಪ್ರಯೋಗ’ ಎಂಬ ಮರ್ಯಾದಸ್ಥ ಹೆಸರಿಟ್ಟುಕೊಂಡಿದ್ದೇನೆ. ನಮ್ಮ ಯಜಮಾನರು ಮಾತ್ರ ಮನೆಗೆ ಬಂದವರಿಗೆಲ್ಲ, “ಇವಳ ಕೂಸು ಓಡಾಡ್ತಾ ಇದೆ, ಕಾಲು ನೋಡ್ಕೊಂಡು ಇಡಿ” ಎನ್ನುತ್ತಾರೆ.

ಕಾರೆಂದರೆ ದೊಡ್ಡದೇನಲ್ಲ. ಒಂದು ಹಲಗೆ, ಎರಡು ಮೋಟಾರು, ಮಿದುಳಿನ ಜಾಗದಲ್ಲಿ ಬೆರಳುದ್ದದ ಮೈಕ್ರೋಕಂಟ್ರೋಲರು. ಚಕ್ರಗಳನ್ನು ಪಕ್ಕದ ಬೀದಿಯ ಬೊಂಬೆ ಮಾಡುವವರು ಕಡೆದು, ಅರಗಿನ ಬಣ್ಣ ಹಾಕಿ ಕೊಟ್ಟರು. ಅವು ಎಷ್ಟು ನುಣುಪೆಂದರೆ ನಮ್ಮ ನೆಲದ ಮೇಲೆ ಚಕ್ರ ತಿರುಗುತ್ತಿತ್ತೇ ಹೊರತು ಕಾರು ಮುಂದಕ್ಕೆ ಹೋಗುತ್ತಿರಲಿಲ್ಲ. ಸೈಕಲ್ ಟ್ಯೂಬ್ ಕತ್ತರಿಸಿ ತೊಡಿಸಿದೆ. ನಿಜವಾದ ರಗಳೆ ಶುರುವಾದದ್ದು ಆಮೇಲೆ. ಕಾಲಿಗೂ ತಲೆಗೂ ಒಂದೇ ಬ್ಯಾಟರಿ. ಮೋಟಾರು ಹೊರಡುವಾಗ ಇದ್ದಬದ್ದ ಕರೆಂಟನ್ನೆಲ್ಲ ಎಳೆದುಕೊಳ್ಳುತ್ತದೆ, ತಲೆಗೆ ಏನೂ ಉಳಿಯುವುದಿಲ್ಲ. ಕಾರು ಎಲ್ಲಿಗೆ ಹೊರಟಿದ್ದೆ ಎಂಬುದನ್ನೇ ಮರೆತು ಮೊದಲಿನಿಂದ ಶುರು ಮಾಡುತ್ತದೆ. ಅಡುಗೆಮನೆಗೆ ಹೋಗಿ ಯಾಕೆ ಬಂದೆನೆಂದು ನಿಲ್ಲುವ ನನಗೆ ಅದರ ಮೇಲೆ ಸಿಟ್ಟು ಬರಲಿಲ್ಲ. ಮಾಮೂಲಿ ಸೆಲ್ಲುಗಳಿಂದ ಆಗದೆಂದು ಬೆಂಗಳೂರಿನಿಂದ ಚಪ್ಪಟೆ ಲಿಥಿಯಂ ಸೆಲ್ಲು ತರಿಸಿದೆ. ಕಾರು ದಾರಿ ಮರೆಯದೆ ಓಡಿತು.

ಲಿಥಿಯಂ ಲೋಹಗಳಲ್ಲೆಲ್ಲ ಹಗುರ, ಕೋಪ ಮಾತ್ರ ಮೂಗಿನ ತುದಿಯಲ್ಲಿ. ಪೂರ್ತಿ ಖಾಲಿ ಮಾಡಿದರೆ ಕೆಡುತ್ತದೆ, ಮಿತಿಮೀರಿ ತುಂಬಿಸಿದರೆ ಊದಿಕೊಂಡು ಉರಿದರೂ ಉರಿಯಿತು. ಚಾರ್ಜಿಗೆ ಇಟ್ಟಾಗ ಪಕ್ಕದಲ್ಲಿ ಒಬ್ಬರು ಕೂತಿರಬೇಕು.

ಆ ಒಬ್ಬರಾಗಿ ಸಿಕ್ಕಿದ್ದು ಅಪ್ಪ. ನಮ್ಮೂರು ಮರಳವಾಡಿಯಲ್ಲಿ ನನ್ನ ತಮ್ಮನ ಜೊತೆ ಇರುವ ಅಪ್ಪ, ಕಣ್ಣಿನ ಪೊರೆ ತೆಗೆಸಲು ನನ್ನಲ್ಲಿಗೆ ಬಂದಿದ್ದ. ಕಣ್ಣು ಸರಿಹೋದದ್ದೇ ತಡ, “ಮಗಳ ಮನೇಲಿ ಸುಮ್ಕೆ ಕುಂತು ಉಣ್ಣಕ್ಕಾಯ್ತದೇನವ್ವ? ನಾನು ಹೊಂಟೆ” ಎಂದು ದಿನವೂ ಚೀಲ ತೆಗೆಯುತ್ತಿದ್ದ. ಅವ್ವ ಹೋದ ಮೇಲೆ ಅವನನ್ನು ಒಂದಷ್ಟು ಕಾಲ ಇಟ್ಟುಕೊಳ್ಳಬೇಕೆಂದು ನನಗೆ ತುಂಬ ಆಸೆ. ಹಾಗೆಂದು ಬಾಯಿಬಿಟ್ಟು ಹೇಳುವ ಅಭ್ಯಾಸ ನಮ್ಮ ಮನೆತನದಲ್ಲಿಲ್ಲ. ಅದಕ್ಕೇ ಕೆಲಸ ಕೊಟ್ಟೆ: ಮೀಟರಿನಲ್ಲಿ ನಾಲ್ಕು ಪಾಯಿಂಟ್ ಎರಡು ವೋಲ್ಟ್ ಬಂದ ತಕ್ಷಣ ವೈರು ಕೀಳಬೇಕು. ಚಾರ್ಜರು ನಾನೇ ಮಾಡಿದ್ದು, ತಾನಾಗಿ ನಿಲ್ಲುವ ಬುದ್ಧಿ ಅದಕ್ಕಿರಲಿಲ್ಲ.

ಆದರೆ ಅಪ್ಪ ಜೀವಮಾನವೆಲ್ಲ ತ್ರೀ ಫೇಸ್ ಕರೆಂಟು ಕಾದವನು. ಯಾವ ಹೊತ್ತಿನಲ್ಲಿ ಬಂದರೂ ಎದ್ದು ಪಂಪ್‌ಸೆಟ್ ಹಾಕಿ ಗದ್ದೆ, ತೊಟ್ಟಿ, ಹಂಡೆ, ಕೊನೆಗೆ ಚೊಂಬನ್ನೂ ತುಂಬಿಸಿದವನು. ಕರೆಂಟು ಇರುವಾಗ ಸ್ವಿಚ್ಚು ಆರಿಸುವುದು ಅವನ ಪ್ರಕಾರ ಪಾಪ. ಒಂದು ಸಂಜೆ ನಾನು ಕಾಲೇಜಿನಿಂದ ಬರುವ ಹೊತ್ತಿಗೆ ಸೆಲ್ಲು ಪೂರಿಯಂತೆ ಉಬ್ಬಿತ್ತು, ಅಪ್ಪ ಅದನ್ನು ಮೆಚ್ಚಿಕೊಂಡು ನೋಡುತ್ತಿದ್ದ. ಅಯ್ಯೋ ಶಿವನೇ ಎಂದು ವೈರು ಕಿತ್ತು, ಇಕ್ಕಳದಲ್ಲಿ ಹಿಡಿದು ಅಂಗಳದ ಮರಳಿನ ಗುಡ್ಡೆಗೆ ಎಸೆದೆ. ಬುಸ್ ಎಂದು ಹೊಗೆ ಬಂತು.

“ಕರೆಂಟು ಇನ್ನಾ ಇತ್ತಲ್ಲವ್ವ, ಒಸಿ ಜಾಸ್ತಿ ತುಂಬ್ಕಳ್ಳಿ ಅಂತ ಬುಟ್ಟೆ” ಎಂದ ಅಪ್ಪ. ಮುಖ ಸಣ್ಣದಾಗಿತ್ತು. “ನಿನ್ನ ಮನೆ ಸುಟ್ಟಾಕ್ಬುಡ್ತಿದ್ದೆ ಕಣವ್ವ. ಬೆಳಿಗ್ಗೆ ನನ್ನ ಬಸ್ ಹತ್ತಿಸ್ಬುಡು.” ಈ ಸಲ ಚೀಲಕ್ಕೆ ಬಟ್ಟೆಯನ್ನೂ ತುಂಬಿದ.

“ತಪ್ಪು ಚಾರ್ಜರಿಂದು ಕಣಪ್ಪ. ಬೇರೆ ತತ್ತೀನಿ. ಕಾಯಕ್ಕೆ ನೀನಲ್ದೆ ಇನ್ಯಾರವ್ರೆ?” ಎಂದೆ. ಕಾಲೇಜಿನ ಭಾಷೆ ಎಲ್ಲಿ ಹೋಯಿತೋ, ಊರಿನ ಮಾತೇ ಬಾಯಿಗೆ ಬಂತು. ಅವನು ಹೊರಗೆ ಹೋಗಿ, ಸೆಲ್ಲಿನ ಮೇಲೆ ಇನ್ನೊಂದಿಷ್ಟು ಮರಳು ಸುರಿದ. ಬೆಳಿಗ್ಗೆ ಬಸ್ಸಿನ ಮಾತೆತ್ತಲಿಲ್ಲ.

ಹೊಸ ಸೆಲ್ಲಿನ ಜೊತೆ ತರಿಸಿದ ಹೊಸ ಚಾರ್ಜರು ಜಾಣ. ತುಂಬುವ ತನಕ ಕೆಂಪು ದೀಪ, ತುಂಬಿದ ಮೇಲೆ ತಾನೇ ನಿಂತು ಹಸಿರು ದೀಪ. ಈ ಸಂಗತಿಯನ್ನು ಅಪ್ಪನಿಗೆ ಹೇಳಲಿಲ್ಲ. ಏನೇ ಆದರೂ ಲಿಥಿಯಂ ಕಾಯಬೇಕಾದ ವಸ್ತುವೇ ತಾನೆ? ಸಂಜೆಯಾದರೆ ಅವನು ಚಾಪೆ ಹಾಸಿ ಕೂರುತ್ತಿದ್ದ, ನಾನು ಅವರೆಕಾಯಿ ಸುಲಿಯುತ್ತ ಪಕ್ಕದಲ್ಲಿ ಕೂರುತ್ತಿದ್ದೆ. ಬಾವಿ ತೋಡಿಸಿದ್ದು, ಮನೆಗೆ ಮೊದಲು ಕರೆಂಟು ಬಂದಾಗ ಅವ್ವ ಸ್ವಿಚ್ಚು ಮುಟ್ಟಲು ಹೆದರಿದ್ದು, ಎಲ್ಲ ಹೇಳುತ್ತಿದ್ದ. ಹಸಿರು ದೀಪ ಬಂದರೆ ನಾನು ಸೆಲ್ಲು ಕಿತ್ತುಕೊಂಡು ಕಾರಿನ ಹತ್ತಿರ ಓಡುತ್ತಿದ್ದೆ. ಎಂಥ ಉಪಾಯ ಹೂಡಿದೆ ನೋಡು ಎಂದು ನನಗೆ ನಾನೇ ಬೀಗುತ್ತಿದ್ದೆ.

ಒಂದು ದಿನ ದೀಪ ಬೇಗ ಹಸಿರಾಯಿತು. ನಾನು ಏಳುತ್ತಿದ್ದಂತೆ ಅಪ್ಪ ಕೈ ಹಿಡಿದ.

“ಅದು ತಾನೇ ನಿಂತ್ಕತದೆ ಅಂತ ನಂಗೊತ್ತಿಲ್ವೇನವ್ವ? ಮೊದಲ್ನೇ ದಿನಾನೇ ಗೊತ್ತಾಯ್ತು.”

“ಮತ್ಯಾಕಪ್ಪ ದಿನಾ ಕಾಯ್ತೀಯ?”

“ಕೆಂಪು ಇರೋಗಂಟ ನೀನು ಕುಂತಿರ್ತೀಯ. ಹಸ್ರಾದ್ರೆ ಎದ್ದೋಯ್ತೀಯ. ಅದ್ಕೆ.”

ನನ್ನ ಕಣ್ಣು ತುಂಬಿತು. ಉಪಾಯ ಹೂಡಿದವಳು ನಾನೊಬ್ಬಳೇ ಆಗಿರಲಿಲ್ಲ.

ಚಾರ್ಜರಿನ ಬದಿಯಲ್ಲಿ ಕರೆಂಟು ತಗ್ಗಿಸುವ ಪುಟ್ಟ ಸ್ವಿಚ್ಚೊಂದಿದೆ. ಮಾರನೆಯ ದಿನ ಅದನ್ನು ಅರ್ಧಕ್ಕೆ ಇಳಿಸಿದೆ. ನಿಧಾನವಾಗಿ ತುಂಬಿಸಿದರೆ ಸೆಲ್ಲಿಗೆ ಆಯಸ್ಸು ಹೆಚ್ಚು. ಇದು ಪಕ್ಕಾ ಭೌತಶಾಸ್ತ್ರ, ಬೇಕಾದರೆ ಯಾರನ್ನಾದರೂ ಕೇಳಿ. “ಏನಿವತ್ತು ಇಷ್ಟು ಹೊತ್ತು?” ಎಂದ ಯಜಮಾನರಿಗೂ ಹಾಗೆಂದೇ ಹೇಳಿದೆ. ಅಪ್ಪ ಕೆಂಪು ದೀಪವನ್ನು ನೋಡಿ, ನನ್ನನ್ನು ನೋಡಿ, ಚಾಪೆಯ ಮೇಲೆ ಒಸಿ ಸರಿದು ಜಾಗ ಮಾಡಿಕೊಟ್ಟ.