ಮಂತ್ರಿಸಿದ ಅಕ್ಕಿ

ಕಳ್ಳತನ ಮಾಡಿದವರು ಯಾರೆಂದು ತಿಳಿಯಲು ಹಸಿ ಅಕ್ಕಿ ಅಗಿಸುತ್ತಾರೆ ಎಂದು ನಾನು ಕೇಳಿದ್ದೆ, ಇಲ್ಲವೆನ್ನುವುದಿಲ್ಲ. ಆದರೆ ಅದೆಲ್ಲ ಮುಗಿದುಹೋದ ಕಾಲದ ಮಾತು ಅಂದುಕೊಂಡಿದ್ದೆ. ಅದೂ ನಮ್ಮ ಮನೆಯ ನಡುಮನೆಯಲ್ಲಿ, ನನ್ನ ಬಾಯಿಗೇ ಆ ಅಕ್ಕಿ ಬೀಳುತ್ತದೆ ಎಂದು ಕನಸಿನಲ್ಲೂ ಎಣಿಸಿರಲಿಲ್ಲ. ನಮ್ಮದು ದೊಡ್ಡಬೆಳವಂಗಲದ ಕಡೆಯ ಒಕ್ಕಲುತನದ ಮನೆ. ನಾನು ದೊಡ್ಡಬಳ್ಳಾಪುರದ ಒಂದು ಶಾಲೆಯಲ್ಲಿ ಟೀಚರು. ಮೈದುನ ವಿಮಾನ ನಿಲ್ದಾಣದಲ್ಲಿ ಕೆಲಸಕ್ಕಿದ್ದಾನೆ. ಮಾವ ಮಳೆ ಯಾವಾಗ ಬರುತ್ತದೆಂದು ಮೊಬೈಲಿನಲ್ಲಿ ನೋಡಿ ರಾಗಿ ಬಿತ್ತುವ ಮನುಷ್ಯ. ಇಂಥ ಮನೆಯಲ್ಲಿ ಇದು ನಡೆಯಿತು ಅಂದರೆ ಈಗಲೂ ನನಗೆ ಮೈ ಉರಿಯುತ್ತದೆ.

ಅವತ್ತು ಹಿರಿಯರ ಹಬ್ಬ. ತೀರಿಕೊಂಡವರಿಗೆ ಎಡೆ ಇಡುವ ದಿನ. ಕಳಶದ ಮುಂದೆ ಬಾಳೆ ಎಲೆ ಹಾಸಿ, ಅವರಿಗೆ ಇಷ್ಟವಾದ ಅಡುಗೆಯನ್ನೆಲ್ಲ ಬಡಿಸಿ, ಪಕ್ಕದಲ್ಲಿ ಹೊಸ ಸೀರೆ, ಪಂಚೆ ಮಡಿಸಿಡುತ್ತೇವೆ. ಮಾವನ ತಾಯಿಯ ಚಿನ್ನದ ಸರವನ್ನು ಅತ್ತೆ ಪ್ರತಿ ವರ್ಷವೂ ಆ ಸೀರೆಯ ಮೇಲಿಡುತ್ತಾರೆ. ಆಮೇಲೆ ಆ ಕೋಣೆಯ ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಕೂರಬೇಕು. ಒಳಗೆ ಹಿರಿಯರು ಬಂದು ಉಣ್ಣುತ್ತಾರೆ. ಅಷ್ಟು ಹೊತ್ತು ಯಾರೂ ಬಾಗಿಲು ತೆಗೆಯಬಾರದು, ಅದು ಕಟ್ಟುನಿಟ್ಟು.

ತೆಗೆದವಳು ನನ್ನ ವಾರಗಿತ್ತಿ, ಮೈದುನನ ಹೆಂಡತಿ. ನಮ್ಮ ಮನೆಗೆ ಬಂದು ವರ್ಷ ತುಂಬಿರಲಿಲ್ಲ. ಒಳಗೆ ಏನೋ ಸದ್ದಾಯಿತು, ಕಿಟಕಿಯಿಂದ ಬೆಕ್ಕು ನುಗ್ಗಿ ಎಡೆಗೆ ಬಾಯಿ ಹಾಕಿತೇನೋ ಎಂದು ಪಟ್ಟನೆ ಎದ್ದು ಬಾಗಿಲು ತೆಗೆದು, ಒಳಗೆ ಹೋಗಿ ಬಂದಳು. ಬೆಕ್ಕೂ ಇರಲಿಲ್ಲ, ಏನೂ ಇರಲಿಲ್ಲ. ಅತ್ತೆಯ ಮುಖ ಕಪ್ಪಿಟ್ಟಿತು. “ಹಿರೀಕರು ಉಣ್ಣೋ ಹೊತ್ನಲ್ಲಿ ಬಾಗ್ಲು ತೆಗೀತೀಯಲ್ಲಾ, ನಿಮ್ಮಮ್ಮ ಇಷ್ಟೂ ಹೇಳ್ಕೊಟ್ಟಿಲ್ವಾ?” ಎಂದು ಬಂದವರೆಲ್ಲರ ಎದುರೇ ಅಂದರು. ಆ ಹುಡುಗಿ ನೆಲ ನೋಡುತ್ತ ನಿಂತಳು.

ಊಟ ಮುಗಿಯಿತು. ಹೊಸಕೋಟೆಗೆ ಕೊಟ್ಟಿರುವ ನಾದಿನಿ, ಎಡೆಗಿಟ್ಟ ಸೀರೆಯನ್ನು ಪದ್ಧತಿಯಂತೆ ಮಡಿಲಿಗೆ ಹಾಕಿಸಿಕೊಂಡು ಹೊರಟಳು. ಅವಳು ಹೋದ ಮೇಲೆ ಅತ್ತೆ ಕಳಶ ತೆಗೆಯಲು ಹೋದರೆ ಸರ ಇಲ್ಲ! ಎಲೆಯ ಕೆಳಗೆ, ಚಾಪೆಯ ಕೆಳಗೆ, ಕೊನೆಗೆ ಹಸುವಿಗೆ ಹಾಕಿದ ಎಡೆಯ ಅನ್ನದಲ್ಲೂ ಹುಡುಕಿದೆವು. ಸೀರೆಯ ಜೊತೆ ಹೋಗಿರಬಹುದು ಎಂದು ನಾನೇ ನಾದಿನಿಗೆ ಫೋನು ಮಾಡಿದೆ. ಮಾತು ಮುಗಿಸಲು ಬಿಡಲಿಲ್ಲ ಮಹಾತಾಯಿ. “ಏನ್ ಅತ್ಗೆ, ತವರುಮನೆ ಸರ ನಾನು ಕದ್ಕೊಂಡ್ ಬಂದ್ನಾ?” ಎಂದು ಅಳುತ್ತಾ ಕಟ್ ಮಾಡಿದಳು. ಅತ್ತೆ ನನ್ನ ಮೇಲೆ ಹರಿಹಾಯ್ದರು. ಮನೆಮಗಳನ್ನು ಕೇಳುವುದೇ ಅಪರಾಧ. ಸೊಸೆಯಾದರೆ ಕೇಳಲೇಬೇಕಿಲ್ಲ, ನೇರವಾಗಿ ತೀರ್ಮಾನ ಮಾಡಬಹುದು. ಬಾಗಿಲು ತೆಗೆದವಳೇ ಸರವನ್ನೂ ತೆಗೆದಳು ಎಂದು ಮನೆ ತೀರ್ಮಾನಿಸಿತು.

ಪೊಲೀಸರಿಗೆ ಹೇಳಿ ಎಂದೆ. ಮಾವ ಕೈ ಅಡ್ಡ ಮಾಡಿದರು. “ಸ್ಟೇಷನ್ನು ಅಂದ್ರೆ ಊರ್ ತುಂಬಾ ಆಗುತ್ತಮ್ಮ. ಮನೆ ವಿಷ್ಯ ಮನೇಲೇ ಮುಗೀಲಿ. ಅಕ್ಕಿ ಹಾಕ್ಸೋಣ. ಅವಳ ಬಾಯಿ ಒಣಗ್ತು ಅಂದ್ರೆ ತವರಿಗೆ ಕಳ್ಸೋದು, ಅಷ್ಟೇ.” ಒಂದು ಹುಡುಗಿಯ ಬಾಳು ಅವಳ ಬಾಯಿಯ ಉಗುಳಿನ ಮೇಲೆ ನಿಂತಿದೆ ಎಂದು ಇವರು ಕಾಫಿ ಕುಡಿಯುತ್ತಾ ಹೇಳುತ್ತಿದ್ದಾರಲ್ಲ!

ಮಾರನೆಯ ಬೆಳಿಗ್ಗೆ ಅಕ್ಕಿ ಮಂತ್ರಿಸುವವನು ಸ್ಕೂಟರಿನಲ್ಲಿ ಬಂದ. ಹೆಲ್ಮೆಟ್ ತೆಗೆದು ಜಗಲಿಯ ಮೇಲಿಟ್ಟ. ಅಕ್ಕಿಯ ಮೇಲೆ ಕೈಯಿಟ್ಟು ಗೊಣಗುವಾಗ ಅವನಿಗೆ ಫೋನು ಬಂತು, “ಆಮೇಲ್ ಮಾಡ್ತೀನಿ ಗುರು” ಅಂದು ಮತ್ತೆ ಗೊಣಗಿದ. ಗಂಡಸರು ಎಡೆಯಿಟ್ಟ ಕೋಣೆಯೊಳಗೆ ಹೋಗಿರಲಿಲ್ಲವಂತೆ, ಆದ್ದರಿಂದ ಅವರಿಗೆ ಬೇಡ. ಸರ ಇಟ್ಟವರೇ ಅತ್ತೆ, ಅವರಿಗೂ ಬೇಡ. ಉಳಿದವರು ನಾವಿಬ್ಬರು ಸೊಸೆಯಂದಿರು.

“ತಪ್ ಮಾಡಿಲ್ದೋರ್ ಬಾಯಲ್ಲಿ ಅಕ್ಕಿ ಹಾಲಾಗುತ್ತೆ. ಮಾಡ್ದೋರ್ ಬಾಯಲ್ಲಿ ಒಣ ಹಿಟ್ಟಾಗುತ್ತೆ. ಅಗ್ದು ಈ ಎಲೆ ಮೇಲೆ ಉಗೀರಮ್ಮ” ಅಂದ.

ನಾನು ಅಗಿದೆ. ಸಿಟ್ಟಿಗೆ ನನ್ನ ಬಾಯಿತುಂಬ ನೀರು. ಅವನ ಪಂಚೆಗೆ ಸಿಡಿಯಲಿ ಎಂದೇ ಜೋರಾಗಿ ಉಗಿದೆ. ಅಕ್ಕಿ ಬೆಳ್ಳಗೆ ಗಂಜಿಯಾಗಿತ್ತು. “ನಿಮ್ದೇನಿಲ್ಲ ಬಿಡಿ” ಎಂದು ದೊಡ್ಡ ಮನಸ್ಸಿನಿಂದ ತಲೆಯಾಡಿಸಿದ.

ಅವಳು ಅಗಿದಳು, ಅಗಿದಳು. ಕುತ್ತಿಗೆಯ ನರ ಉಬ್ಬಿತು. ಎಲ್ಲರೂ ಅವಳ ಬಾಯಿಯನ್ನೇ ನೋಡುತ್ತಿದ್ದರು, ಅವಳ ಗಂಡನೂ. ಉಗಿಯಲು ಬಗ್ಗಿದರೆ ಪುಡಿ ತುಟಿಗೆ ಮೆತ್ತಿಕೊಂಡಿತು. ಎಲೆಯ ಮೇಲೆ ಬಿದ್ದದ್ದು ಒಣ ನುಚ್ಚು, ಜೊತೆಗೆ ಒಸಡಿನ ಒಂದು ಚೂರು ರಕ್ತ. ಮೈದುನ ಎದ್ದು ಹೊರಗೆ ಹೋದ. ಹೆಂಡತಿಯ ಕಡೆ ತಿರುಗಿಯೂ ನೋಡಲಿಲ್ಲ, ಪುಣ್ಯಾತ್ಮ.

ನಾನು ಕೂಗಾಡಿದೆ. “ಹೆದರ್ಕೊಂಡ್ರೆ ಯಾರ್ ಬಾಯಾದ್ರೂ ಒಣಗುತ್ತೆ ಕಣ್ರೀ! ಮಕ್ಕಳಿಗೂ ಗೊತ್ತು ಇದು! ನಿಮಗೆಲ್ಲ ಏನಾಗಿದೆ?” ಮಾವ ಬಾಯಿ ತೆರೆಯುವ ಮುಂಚೆಯೇ ಅವಳು ನನ್ನ ಸೆರಗು ಜಗ್ಗಿದಳು. “ಬಿಡಿ ಅಕ್ಕ. ಅಕ್ಕಿ ಸುಳ್ ಹೇಳಲ್ಲ. ನಾನೇ ತಗೊಂಡಿರ್ಬೇಕು.”

“ಏನೇ ಅಂದೆ?”

“ಗೊತ್ತಿಲ್ದೇ ತಗೊಂಡಿರ್ತೀನಿ.”

ಅವಳು ಅಷ್ಟಕ್ಕೇ ನಿಲ್ಲಲಿಲ್ಲ. ಕೋಣೆಗೆ ಹೋಗಿ ತನ್ನ ಬೀರುವಿನಲ್ಲಿದ್ದ ಬಟ್ಟೆಯನ್ನೆಲ್ಲ ಕೆಳಗೆ ಸುರಿದು, ಒಂದೊಂದೇ ರವಿಕೆ ಒದರಿ, ದಿಂಬಿನ ಹೊಲಿಗೆ ಬಿಚ್ಚಿ ಹತ್ತಿಯೊಳಗೆ ಕೈಹಾಕಿ ಹುಡುಕತೊಡಗಿದಳು. ತಾನು ಕದ್ದದ್ದನ್ನು ತಾನೇ ಎಲ್ಲಿಟ್ಟೆ ಎಂದು! ಸಂಜೆ ಅವಳಪ್ಪ ಬಂದು ಕರೆದುಕೊಂಡು ಹೋದರು. ಆ ಮನುಷ್ಯ ಮಾವನ ಮುಂದೆ ಕೈ ಮುಗಿದದ್ದನ್ನು ನೋಡಲಾರದೆ ಒಳಗೆ ಹೋದೆ.

ದೀಪಾವಳಿಗೆ ಉಡೋಣವೆಂದು ನಾದಿನಿ ಆ ಸೀರೆಯ ಮಡಿಕೆ ಬಿಚ್ಚಿದಳಂತೆ. ಸರ ಕೆಳಗೆ ಬಿತ್ತಂತೆ. “ನೋಡಮ್ಮ, ಅಜ್ಜಿ ನಂಗೇ ಕೊಟ್ಟು ಕಳ್ಸಿದ್ರು!” ಎಂದು ಫೋನಿನಲ್ಲಿ ನಗು. ಅತ್ತೆಯೂ ನಕ್ಕರು, ದೇವರಿಗೆ ತುಪ್ಪದ ದೀಪ ಹಚ್ಚಿದರು. ಮಾವ “ಸಿಕ್ತಲ್ಲ, ಸದ್ಯ” ಅಂದರು. ಯಾರೊಬ್ಬರ ಬಾಯಲ್ಲೂ ಆ ಹುಡುಗಿಯ ಮಾತೇ ಇಲ್ಲ. ನಾನು ಎದುರು ನಿಂತು ಕೇಳಿದ ಮೇಲೆ, “ಬರ್ಲಿ ಬಿಡು, ಬೇಡ ಅಂದೋರ್ ಯಾರು?” ಅಂದರು ಅತ್ತೆ. ಕಳಿಸಿದವರೇ ಇವರು!

ಮೈದುನನನ್ನು ನಂಬಿ ಕೂರಲಿಲ್ಲ. ನಾನೇ ಹೋದೆ. ಅವಳ ತವರು ದೇವನಹಳ್ಳಿಯ ಆಚೆ, ಆವತಿಯ ಹತ್ತಿರ. ಹಿತ್ತಿಲಿನಲ್ಲಿ ಪಾತ್ರೆ ಬೆಳಗುತ್ತಿದ್ದಳು. ಇಳಿದುಹೋಗಿದ್ದಳು. ಪಕ್ಕದಲ್ಲೇ ಕುಕ್ಕರುಗಾಲಿನಲ್ಲಿ ಕೂತು ಎಲ್ಲ ಹೇಳಿದೆ. ಸೀರೆಯ ಮಡಿಕೆ, ಸರ, ನಾದಿನಿಯ ಫೋನು. “ನೀನೇನೂ ಮಾಡಿಲ್ಲ ಕಣೇ. ಸರ ಸಿಕ್ತು. ಕೇಳಿಸ್ತಾ? ನೀನು ತಗೊಂಡಿಲ್ಲ!” ಎಂದು ಅವಳ ಭುಜ ಹಿಡಿದು ಅಲುಗಾಡಿಸಿದೆ.

ಅಳುತ್ತಾಳೆ, ಇಲ್ಲವೇ ನಮ್ಮನ್ನೆಲ್ಲ ಬಾಯಿಗೆ ಬಂದಂತೆ ಬೈಯುತ್ತಾಳೆ ಅಂದುಕೊಂಡೆ. ಬೈಯಲಿ ಎಂದೇ ಕಾದೆ. ಅವಳು ಬೂದಿ ಮೆತ್ತಿದ ಕೈಯನ್ನು ಹಾಗೇ ಹಿಡಿದುಕೊಂಡು ನನ್ನನ್ನೇ ನೋಡಿದಳು.

“ಹಂಗಾದ್ರೆ ನನ್ ಬಾಯಿ ಯಾಕಕ್ಕ ಒಣಗ್ತು? ಇನ್ನೇನ್ ತಪ್ ಮಾಡಿದ್ದೀನಿ ನಾನು?”